30 ಸೆಕೆಂಡಿನ ಆಸ್ತಿ

ಫೋನು ಸೈಲೆಂಟಿನಲ್ಲಿ ಇಟ್ಟವನು ಸಂಸ್ಕಾರವಂತ, ಹಾಡು ಇಟ್ಟುಕೊಂಡವನು ಹಳ್ಳಿಗಮಾರ. ಬೆಂಗಳೂರಿನ ಆಫೀಸುಗಳಲ್ಲಿ ಇದನ್ನು ಯಾರೂ ಬರೆದು ಅಂಟಿಸಿಲ್ಲ, ಆದರೆ ಎಲ್ಲರೂ ಪಾಲಿಸುತ್ತಾರೆ. ನಮ್ಮ ಫ್ಲೋರಿನಲ್ಲಿ ಯಾರದಾದರೂ ಫೋನು ಹಾಡಿದರೆ ಇಪ್ಪತ್ತು ತಲೆ ಮೇಲೇಳುತ್ತವೆ, ನಾಲ್ಕು ತುಟಿ ವಾರೆಯಾಗುತ್ತವೆ. ಅದೇ ಫೋನು ಕಂಪನಿಯವರು ಹಾಕಿ ಕಳಿಸಿದ ಟ್ಯೂನಿನಲ್ಲೇ, ಅಷ್ಟೇ ಜೋರಾಗಿ ಕೂಗಿಕೊಳ್ಳಲಿ, ಯಾರಿಗೂ ಏನೂ ಅನ್ನಿಸೋದಿಲ್ಲ. ಆರು ಮಂದಿ ತಮ್ಮ ತಮ್ಮ ಜೇಬು ಮುಟ್ಟಿ ನೋಡಿಕೊಂಡು ಮತ್ತೆ ಕೆಲಸಕ್ಕೆ ಬೀಳುತ್ತಾರೆ. ಹಾಗಾದರೆ ತಕರಾರು ಇರೋದು ಸದ್ದಿನ ಮೇಲಲ್ಲ. ಆ ಸದ್ದನ್ನು ಒಬ್ಬ ಮನುಷ್ಯ ತಾನೇ ಆರಿಸಿಕೊಂಡಿದ್ದಾನೆ ಅನ್ನೋದರ ಮೇಲೆ.

ನನ್ನ ಮಾತು ನೇರ ಐತಿ. ನಿಮ್ಮ ಹತ್ತಿರ ಇರುವ ಹಾಡಿನಿಂದ, ನಿಮ್ಮ ಕೈಯಾರೆ, ಒಂದು ರಿಂಗ್‌ಟೋನ್ ಕತ್ತರಿಸಿ ಇಟ್ಟುಕೊಳ್ಳಿ. ಕತ್ತರಿಸೋಣ ಅಂತ ಕೂತಾಗ ನಿಮ್ಮ ಹತ್ತಿರ ನಿಮ್ಮದು ಅನ್ನೋ ಒಂದು ಹಾಡೂ ಇಲ್ಲ ಅಂತ ಗೊತ್ತಾದರೆ, ಆಗ ಚಿಂತೆ ಮಾಡಬೇಕಾದ ವಿಷಯ ರಿಂಗ್‌ಟೋನಿಗಿಂತ ದೊಡ್ಡದು.

ಹುಬ್ಬಳ್ಳಿಯಿಂದ ನಮ್ಮ ನವಲಗುಂದಕ್ಕೆ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಆ ಒಂದು ತಾಸಿನಲ್ಲಿ ಏನೇನು ಕೇಳುತ್ತೆ ಅಂತೀರಿ? ಮುಂದಿನ ಸೀಟಿನಲ್ಲಿ ಭಜನಾಪದ, ಹಿಂದೆ ಎಲ್ಲೋ ಶರೀಫರ ತತ್ವಪದ, ಡ್ರೈವರಿನ ಬೆನ್ನ ಹಿಂದೆ ಮೊಹರಮ್ಮಿನ ರಿವಾಯತ್ ಪದ, ನಡುವೆ ನಿಂತ ಹುಡುಗನ ಜೇಬಿನಲ್ಲಿ ಹೋಳಿಯ ಹಲಗಿ. ಫೋನು ಹೊರಗೆ ಬರೋಕ್ಕಿಂತ ಮೊದಲೇ ಅದು ಯಾರದು ಅಂತ ಬಸ್ಸಿಗೆಲ್ಲ ಗೊತ್ತು. ಒಂದು ಸಲ ನಿದ್ದೆಗೆ ಜಾರಿದ್ದ ಹಿರಿಯರೊಬ್ಬರನ್ನು ಪಕ್ಕದ ಹುಡುಗ ಎಬ್ಬಿಸಿದ್ದು ಹೀಗೆ: “ಕಾಕಾ, ನಿಮ್ಮ ಶರೀಫಜ್ಜ ಕರ್ಯಾಕತ್ತಾನ ನೋಡ್ರಿ.” ಕಾಕಾ ಕಣ್ಣು ಬಿಡದೇ ಜೇಬಿಗೆ ಕೈ ಹಾಕಿದರು.

ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಕೊರಳಗಂಟಿ ಸದ್ದಿನ ಮೇಲೆ ಇದು ಯಾರ ಎತ್ತು ಅಂತ ಕತ್ತಲೊಳಗೂ ಹೇಳುತ್ತಿದ್ದ ಸೀಮೆ ನಮ್ಮದು. ಸದ್ದಿಗೆ ಒಂದು ಮನೆ ಇರುತ್ತೆ, ಒಂದು ಹೆಸರು ಇರುತ್ತೆ ಅನ್ನೋದು ಇಲ್ಲಿ ಹಳೇ ತಿಳಿವಳಿಕೆ. ಅದು ಫೋನಿಗೂ ಬಂತು, ಅಷ್ಟೇ. ಬದಲಾಗಿ ಎಲ್ಲ ಎತ್ತುಗಳಿಗೂ ಫ್ಯಾಕ್ಟರಿಯಿಂದ ಒಂದೇ ಗಂಟೆ ಕಟ್ಟಿ ಕಳಿಸಿ, ಅದನ್ನು ಸಭ್ಯತೆ ಅಂತ ಕರೆದವರು ನಾವು.

ಹಿಂದೆ ಹೀಗಿರಲಿಲ್ಲ. ನೋಕಿಯಾ 3310ರಲ್ಲಿ ಕಂಪೋಸರ್ ಅಂತ ಒಂದು ಮೆನು ಇತ್ತು, ನೆನಪಿದೆಯಾ? ಒಂದೊಂದೇ ಸ್ವರವನ್ನು ಗುಂಡಿ ಒತ್ತಿ ಕೂಡಿಸಬೇಕು. ನಮ್ಮ ಅಣ್ಣ ರಾತ್ರಿ ಕರೆಂಟ್ ಹೋದ ಹೊತ್ತಿನಲ್ಲಿ, ಹಾಳೆಯ ಮೇಲೆ ಬರೆದುಕೊಂಡ ಅಂಕಿಗಳನ್ನು ನೋಡಿಕೋತ, ಒಂದು ಪದದ ಎರಡು ಸಾಲು ಕೂರಿಸಲು ವಾರಗಟ್ಟಲೆ ಒದ್ದಾಡಿದ್ದ. ಬಂದದ್ದು ಬರೀ ಕೀಂಕೀಂ ಸದ್ದು. ಆದರೆ ಅದು ಊರಿನಲ್ಲಿ ಅವನೊಬ್ಬನ ಕೀಂಕೀಂ. ಆಮೇಲೆ ಮೆಮೊರಿ ಕಾರ್ಡಿನ ಕಾಲ ಬಂತು. ಬಸ್‌ಸ್ಟ್ಯಾಂಡಿನ ಬದಿಯ ಮೊಬೈಲ್ ಅಂಗಡಿಗೆ ಹೋಗಿ “ಕಾರ್ಡ್ ತುಂಬಿ ಕೊಡೋ ತಮ್ಮಾ” ಅಂದರೆ ಹತ್ತಿಪ್ಪತ್ತು ರೂಪಾಯಿಗೆ ಜಾನಪದ, ಸಿನಿಮಾ, ಭಜನೆ ಎಲ್ಲ ತುಂಬುತ್ತಿದ್ದರು. ಅದು ಕಾನೂನಿನ ಕಣ್ಣಲ್ಲಿ ಕಳ್ಳ ವ್ಯಾಪಾರ, ಅದನ್ನು ಸಮರ್ಥಿಸೋಕೆ ನಾನು ಬಂದಿಲ್ಲ. ಹೇಳೋದಿಷ್ಟೇ: ಹಾಡು ಅಂದರೆ ಕೈಯಲ್ಲಿ ಹಿಡಿಯೋ ವಸ್ತು, ಎಲ್ಲಿ ಬೇಕೋ ಅಲ್ಲಿ ಕತ್ತರಿಸಬಹುದಾದ ವಸ್ತು ಅನ್ನೋ ಅರಿವು ಆಗ ಎಲ್ಲರಿಗೂ ಇತ್ತು. ಇವತ್ತು ನಮ್ಮ ಜೇಬಿನಲ್ಲಿರುವ ಯಂತ್ರದಲ್ಲಿ ಒಂದು ರೆಕಾರ್ಡಿಂಗ್ ಸ್ಟುಡಿಯೋಗೆ ಬೇಕಾದ ಶಕ್ತಿ ಐತಿ. ಅದರಲ್ಲಿ ನಾವು ಆರಿಸಿಕೊಂಡದ್ದು ವೈಬ್ರೇಶನ್.

ಹೋಗಲಿ ಬಿಡಿ, ಒಂದು ಗಂಟೆ ಸದ್ದಿಗೆ ಇಷ್ಟೊಂದು ಭಾಷಣ ಯಾಕೆ ಅಂತ ಕೇಳಬಹುದು. ಆ ಸೆಕೆಂಡುಗಳಿಗೆ ಬೆಲೆ ಇಲ್ಲ ಅಂತ ನೀವು ತಿಳಿದಿದ್ದೀರಿ. ಕಂಪನಿಗಳು ಯಾವತ್ತೂ ಹಾಗೆ ತಿಳಿದಿಲ್ಲ.

2019ರಲ್ಲಿ ದೇಶದ ದೊಡ್ಡ ಟೆಲಿಕಾಂ ಕಂಪನಿಗಳು ಜಗಳಕ್ಕೆ ಬಿದ್ದಿದ್ದು ಯಾವುದಕ್ಕೆ ಗೊತ್ತೇ? ಫೋನು ಎಷ್ಟು ಸೆಕೆಂಡು ಹೊಡಕೊಳ್ಳಬೇಕು ಅನ್ನೋದಕ್ಕೆ. ಆಗ ಒಂದು ಕಂಪನಿಯ ಗ್ರಾಹಕ ಇನ್ನೊಂದು ಕಂಪನಿಯ ಗ್ರಾಹಕನಿಗೆ ಕರೆ ಮಾಡಿದರೆ, ಮಾಡಿದ ಕಡೆಯ ಕಂಪನಿ ಆ ಕಡೆಯ ಕಂಪನಿಗೆ ನಿಮಿಷಕ್ಕೆ 6 ಪೈಸೆ ಕೊಡಬೇಕಿತ್ತು. ಗಂಟೆ ಬೇಗ ನಿಂತುಬಿಟ್ಟರೆ ಅದು ಮಿಸ್ಡ್ ಕಾಲ್ ಆಗುತ್ತೆ, ಆ ಕಡೆಯವರೇ ತಿರುಗಿ ಫೋನು ಮಾಡುತ್ತಾರೆ, ಆರು ಪೈಸೆ ಕೊಡೋ ಪಾಳಿ ಅವರಿಗೆ ಬರುತ್ತೆ. ಈ ಲೆಕ್ಕಕ್ಕಾಗಿಯೇ ಗಂಟೆ ಕಡಿಮೆ ಮಾಡಿದ್ದೀರಿ ಅಂತ ಒಬ್ಬರ ಮೇಲೊಬ್ಬರು ದೂರು ಹೇಳಿಕೊಂಡರು. ರಿಂಗಾಗೋ ಹೊತ್ತು 20, 25 ಸೆಕೆಂಡಿಗೆ ಇಳಿದಿತ್ತು. ಕೊನೆಗೆ ಟ್ರಾಯ್ ನಡುವೆ ಬಂದು, ಮೊಬೈಲಿಗೆ 30 ಸೆಕೆಂಡು, ಲ್ಯಾಂಡ್‌ಲೈನಿಗೆ 60 ಸೆಕೆಂಡು ಅಂತ ನಿಗದಿ ಮಾಡಿತು. ಅಂದರೆ ಕರೆ ಬಂದಾಗಲೆಲ್ಲ ನಿಮಗೆ ಸೇರಬೇಕಾದ 30 ಸೆಕೆಂಡಿಗೆ ಸರಕಾರಿ ದಾಖಲೆ ಐತಿ. ಖಾತೆ ನಿಮ್ಮ ಹೆಸರಿಗಿದೆ, ಹೊಲ ಮಾತ್ರ ಬೀಳು ಬಿಟ್ಟಿದ್ದೀರಿ.

ಅದಕ್ಕೂ ಮೊದಲು ಕಾಲರ್ ಟ್ಯೂನ್ ಅನ್ನೋ ಜಾಣ ವ್ಯಾಪಾರ ನಡೆದಿತ್ತು. ತಿಂಗಳಿಗೆ ಮೂವತ್ತು ರೂಪಾಯಿ ಬಾಡಿಗೆ. ಹಾಡಿನ ದುಡ್ಡು ಬೇರೆ. ನಮ್ಮ ಕಾಕಾನ ಫೋನಿಗೆ ಒಂದು ಕಂಪನಿಯವರು ಅವನನ್ನು ಕೇಳದೇ ಒಂದು ಹಿಂದಿ ಸಿನಿಮಾ ಹಾಡು ಹಚ್ಚಿಬಿಟ್ಟಿದ್ದರು. ಮೂರು ತಿಂಗಳು ಬ್ಯಾಲೆನ್ಸ್ ಕಡಿದುಕೊಂಡು ಹೋಯಿತು, ಕಾಕಾಗೆ ಗೊತ್ತೇ ಇಲ್ಲ. ಗೊತ್ತಾಗೋದಾದರೂ ಹೇಗೆ? ದುಡ್ಡು ಕೊಡೋನು ಅವನು, ಕೇಳೋರು ಮಂದಿ. ಬೀಗರು ಊಟಕ್ಕೆ ಕೂತಾಗ ಚಾಷ್ಟಿ ಮಾಡಿದ ಮೇಲೆ ವಿಷಯ ಹೊರಗೆ ಬಂತು. “ನನ್ನ ಫೋನಿನ್ಯಾಗ ನನಗ ಕೇಳದ ಹಾಡಿಗೆ ನಾ ಯಾಕ ರೊಕ್ಕ ಕೊಡ್ಲೋ?” ಅಂತ ಕಾಕಾ ಕೇಳಿದ. ಇವತ್ತಿಗೂ ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಇಂಥ ಕಾಕಾಗಳು ದೇಶದ ತುಂಬ ಇದ್ದರು. ಇಂಥ ಸೇವೆ ಶುರು ಮಾಡೋ ಮುಂಚೆ ಗ್ರಾಹಕನ ಒಪ್ಪಿಗೆಯನ್ನು ಎರಡು ಸಲ ಪಡೆಯಬೇಕು ಅಂತ ಟ್ರಾಯ್ ನಿಯಮವನ್ನೇ ತರಬೇಕಾಯಿತು.

ಐಫೋನಿನವರೂ ಕಡಿಮೆ ಇರಲಿಲ್ಲ. 2007ರಲ್ಲಿ ಐಟ್ಯೂನ್ಸ್ ಅಂಗಡಿಯಲ್ಲಿ 99 ಸೆಂಟ್ ಕೊಟ್ಟು ಹಾಡು ಕೊಂಡ ಮೇಲೂ, ಅದೇ ಹಾಡಿನ ತುಂಡನ್ನು ರಿಂಗ್‌ಟೋನ್ ಮಾಡಿಕೊಳ್ಳೋಕೆ ಮತ್ತೆ 99 ಸೆಂಟ್ ಕೊಡಬೇಕಿತ್ತು. ಹೋಳಿಗೆ ದುಡ್ಡು ಕೊಟ್ಟು ಕೊಂಡಮೇಲೆ ಮುರಿದು ತಿನ್ನೋಕೆ ಬೇರೆ ದುಡ್ಡು!

ಆ ಕಾಲ ಹೋಯಿತು, ಈಗೆಲ್ಲ ಪುಕ್ಕಟೆ ಅಂತೀರಿ. ಈಗ ಆಗಿರೋದು ಅದಕ್ಕಿಂತ ನಾಜೂಕಾದ ಕೆಲಸ. ನಿಮ್ಮ ಸ್ಟ್ರೀಮಿಂಗ್ ಆ್ಯಪ್ ತೆಗೆದು ನೋಡಿ. 10 ಕೋಟಿ ಹಾಡು ಇವೆ ಅಂತ ಸ್ಪಾಟಿಫೈ ಹೇಳಿಕೊಳ್ಳುತ್ತೆ. ಅದರಲ್ಲಿ ಒಂದೇ ಒಂದನ್ನು ರಿಂಗ್‌ಟೋನ್ ಮಾಡಿ ತೋರಿಸಿ. ಆಗೋದಿಲ್ಲ. ಡೌನ್‌ಲೋಡ್ ಅಂತ ನೀವು ಒತ್ತಿದ ಗುಂಡಿ ನಿಮಗೆ ಹಾಡು ಕೊಡೋದಿಲ್ಲ, ಬೀಗ ಹಾಕಿದ ಪೆಟ್ಟಿಗೆ ಕೊಡುತ್ತೆ. ಕೀಲಿ ಅವರ ಹತ್ತಿರ. 30 ದಿನಕ್ಕೊಮ್ಮೆಯಾದರೂ ಆನ್‌ಲೈನ್ ಬಂದು ಹಾಜರಿ ಹಾಕದೇ ಹೋದರೆ ಆ ಪೆಟ್ಟಿಗೆಯೂ ತೆರೆಯೋದಿಲ್ಲ. 2023ರ ಮಾರ್ಚಿನಲ್ಲಿ ಸ್ಪಾಟಿಫೈಗೂ ಜೀ ಮ್ಯೂಸಿಕ್‌ಗೂ ಒಪ್ಪಂದ ಕುದುರದೇ ಎಷ್ಟೋ ಹಿಂದಿ ಸಿನಿಮಾ ಹಾಡುಗಳು ಒಂದೇ ಏಟಿಗೆ ಮಂದಿಯ ಪ್ಲೇಲಿಸ್ಟುಗಳಿಂದ ಮಾಯವಾದವು. 2024ರಲ್ಲಿ ಏರ್‌ಟೆಲ್ ತನ್ನ ವಿಂಕ್ ಮ್ಯೂಸಿಕ್ ಆ್ಯಪನ್ನೇ ಮುಚ್ಚುವುದಾಗಿ ಹೇಳಿತು. ವರ್ಷಗಟ್ಟಲೆ ಅಲ್ಲಿ ಹಾಡು ಆರಿಸಿ ಜೋಡಿಸಿದವರಿಗೆ ಉಳಿದದ್ದು ಏನು?

ಹಾಡು ನಿಮ್ಮದೋ ಬಾಡಿಗೆಯದೋ ಅಂತ ತಿಳಿಯೋಕೆ ರಿಂಗ್‌ಟೋನಿಗಿಂತ ಸರಳ ಪರೀಕ್ಷೆ ಇನ್ನೊಂದಿಲ್ಲ. ಕತ್ತರಿಸೋಕೆ ಬಂದರೆ ನಿಮ್ಮದು. ಬರದಿದ್ದರೆ ಬಾಡಿಗೆಯದು. ಬಾಡಿಗೆ ಮನೆಯಲ್ಲಿ ಇರೋದು ತಪ್ಪಲ್ಲ, ಬೆಂಗಳೂರಿನಲ್ಲಿ ನಾವೆಲ್ಲ ಇರೋದೇ ಅಲ್ಲಿ. ಆದರೆ ಗೋಡೆಗೆ ಮೊಳೆ ಹೊಡೆಯೋ ಹಕ್ಕೂ ಇಲ್ಲದ ಮನೆಯನ್ನು “ನನ್ನ ಕಲೆಕ್ಷನ್” ಅಂತ ಕರೆಯೋದು ಅತಿಯಾಯ್ತು.

ಮಲಪ್ರಭೆಯ ನೀರು ಹೊಲಕ್ಕೆ ಬಾರದಿದ್ದರೂ ಕರ ಕಟ್ಟಿ ಅಂದಾಗ, 1980ರ ಜುಲೈನಲ್ಲಿ ತಿರುಗಿ ಬಿದ್ದ ಊರು ನಮ್ಮದು. ಅಲ್ಲಿ ಗುಂಡು ಹಾರಿತು, ಜೀವ ಹೋಯಿತು. ಆ ಹೋರಾಟದ ಪಕ್ಕದಲ್ಲಿ ಹಾಡಿನ ವಿಷಯ ಇಟ್ಟು ತೂಗುವಷ್ಟು ಮೂರ್ಖ ನಾನಲ್ಲ. ಆದರೆ “ನನಗೆ ಬಾರದ್ದಕ್ಕೆ ನಾನ್ಯಾಕೆ ಕಟ್ಟಲಿ?” ಅನ್ನೋ ಪ್ರಶ್ನೆ ಆ ನೆಲದ್ದು. ಕಾಕಾ ಕೇಳಿದ್ದೂ ಅದನ್ನೇ. ಅಲ್ಲೇ ಹುಟ್ಟಿ ಇಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತ ನಮ್ಮಂಥವರು ಮಾತ್ರ ಕೇಳೋದನ್ನು ಬಿಟ್ಟಿದ್ದೇವೆ.

ಈಗ ನಿಜವಾಗಿ ಕಳಕೊಳ್ಳೋದು ಏನು ಅನ್ನೋದಕ್ಕೆ ಬರೋಣ. ಸಿನಿಮಾ ಹಾಡು ಎಲ್ಲೋ ಒಂದು ಕಡೆ ಉಳಿಯುತ್ತೆ, ಅದನ್ನು ಕಾಯೋಕೆ ಕಂಪನಿಗಳಿವೆ. ಯಾವ ಕಂಪನಿಯ ಪಟ್ಟಿಯಲ್ಲೂ ಇಲ್ಲದ ಹಾಡುಗಳ ಗತಿ ಏನು? ನಮ್ಮ ಮನೆಯ ಟ್ರಂಕಿನಲ್ಲಿ ಹನ್ನೊಂದು ಕ್ಯಾಸೆಟ್ಟು ಇದ್ದವು. ಓಣಿಯ ಭಜನಾ ಮಂಡಳಿಯ ರಾತ್ರಿ ಪೂರಾ ಭಜನೆ, ಕಾಮಣ್ಣನ ಹಬ್ಬದ ಹಾಡು, ಒಂದು ದೊಡ್ಡಾಟದ ಅರ್ಧ. ಇನ್ನೊಂದರಲ್ಲಿ, ನಮ್ಮ ಮಾವ ಹೊಸ ಟೇಪ್ ರೆಕಾರ್ಡರ್ ತಂದ ಹುರುಪಿನಲ್ಲಿ ತುಂಬಿಕೊಂಡ ಅಜ್ಜಿಯ ಬೀಸುಕಲ್ಲಿನ ಪದ. ಕಲ್ಲಿನ ಗರಗರ ಸದ್ದಿನ ಮೇಲೆ ಅಜ್ಜಿಯ ದನಿ ತೇಲಿಕೊಂಡು ಬರುತ್ತೆ. ನಡುವೆ ದೂರದಿಂದ ಯಾರೋ ಕೂಗುತ್ತಾರೆ: “ಯವ್ವಾ, ಎಮ್ಮಿ ಹಗ್ಗ ಹರಕೊಂಡೈತಿ!” ಅಜ್ಜಿ ಪದ ನಿಲ್ಲಿಸದೇ, ಅದೇ ಉಸಿರಿನಲ್ಲಿ, “ತಡೀ, ಇದೊಂದು ನುಡಿ ಮುಗಿಸಿ ಬರ್ತೀನಿ” ಅಂತಾಳೆ. ಮುಗಿಸುತ್ತಾಳೆ. ಆಮೇಲೆ ಬಳೆ ಸದ್ದು, ಎದ್ದು ಹೋದ ಸದ್ದು, ಖಾಲಿ ಟೇಪಿನ ಸುಂಯ್ ಅನ್ನೋ ಸದ್ದು.

ಅಜ್ಜಿ ಹೋಗಿ ಬಹಳ ವರ್ಷ ಆಯಿತು. ಅವಳ ದನಿ ಇದ್ದದ್ದು ಆ ಒಂದೇ ಕ್ಯಾಸೆಟ್ಟಿನಲ್ಲಿ. ಟೇಪಿಗೆ ಬಿಳಿ ಬೂಸ್ಟು ಹಿಡಿಯೋಕೆ ಶುರುವಾಗಿತ್ತು. ಅವ್ವ ಫೋನು ಮಾಡಿದಾಗ ಅಜ್ಜಿಯ ಪದ ಕೇಳಬೇಕು ಅನ್ನೋ ಒಂದು ಹುಚ್ಚು ಆಸೆ ಹುಟ್ಟದೇ ಹೋಗಿದ್ದರೆ ಆ ಟ್ರಂಕನ್ನು ಯಾರೂ ತೆಗೆಯುತ್ತಿರಲಿಲ್ಲ. ರಿಂಗ್‌ಟೋನ್ ಬೇಕಾದದ್ದು 30 ಸೆಕೆಂಡಿನದು. ಅದಕ್ಕಾಗಿ ಪೂರಾ ಕ್ಯಾಸೆಟ್ಟು ಕಂಪ್ಯೂಟರಿಗೆ ಏರಿತು. ಅಕ್ಕ ಕೇಳಿ “ನನಗೂ ಕಳಸೋ” ಅಂದಳು. ಮಾವ ಕೇಳಿದ. ಮಾವನ ಮಕ್ಕಳು ಕೇಳಿದರು. ಒಂದು ಕಡೆ ಇದ್ದದ್ದು ಈಗ ಆರು ಮನೆಯಲ್ಲಿದೆ. ಊರಿನ ದನಿಗಳನ್ನು ಉಳಿಸಬೇಕು ಅಂತ ವೇದಿಕೆಯ ಮೇಲೆ ಭಾಷಣ ಕೇಳಿದ್ದೇನೆ, ಅದರಿಂದ ಒಂದು ಟ್ರಂಕೂ ತೆರೆದದ್ದನ್ನು ಕಂಡಿಲ್ಲ. ಒಂದು ರಿಂಗ್‌ಟೋನಿನ ಆಸೆ ತೆರೆಸಿತು.

ಆಫೀಸಿನಲ್ಲಿ ಮೊದಲ ಸಲ ಅದು ರಿಂಗಾದಾಗ, ಮೈಸೂರು ಕಡೆಯ ಸಹೋದ್ಯೋಗಿ ಕುರ್ಚಿ ತಿರುಗಿಸಿ ಕೇಳಿದ.

“ಚೆನ್ನಾಗಿದೆಯಲ್ಲಾ, ಯಾರು ಹಾಡಿರೋದು?”

“ನಮ್ಮ ಅಜ್ಜಿ.”

“ತಮಾಷೆ ಸಾಕು, ಲಿಂಕ್ ಕಳ್ಸಿ.”

“ಲಿಂಕ್ ಇಲ್ರೀ. ನಮ್ಮನಿ ಟ್ರಂಕಿನ್ಯಾಗ ಐತಿ.”

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ತನ್ನ ತಾತ ಹಾರ್ಮೋನಿಯಂ ಬಾರಿಸುತ್ತಿದ್ದದ್ದನ್ನು ಯಾರೋ ಟೇಪ್ ಮಾಡಿದ್ದ ನೆನಪು ಅಂದ. ಆ ಶನಿವಾರ ಊರಿಗೆ ಹೋದ.

ಈಗ ಆಕ್ಷೇಪಗಳು. ಮೊದಲನೆಯದು ಸಂಗೀತ ಬಲ್ಲವರದು: ರಾಗವನ್ನು 30 ಸೆಕೆಂಡಿಗೆ ಕತ್ತರಿಸೋದು ಪಾಪ. ಇದನ್ನು ಹೇಳೋರು ಗ್ರಾಮಫೋನ್ ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದದ್ದು ಮೂರು ನಿಮಿಷ ಚಿಲ್ಲರೆ ಅನ್ನೋದನ್ನು ಮರೆತಿರುತ್ತಾರೆ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ್ದು ಅಷ್ಟೇ ಹೊತ್ತು. ತಟ್ಟೆ ಅಚ್ಚಾಗುತ್ತಿದ್ದ ಜರ್ಮನಿಯಲ್ಲಿ ಗುರುತು ಸಿಗಲಿ ಅಂತ ಕೊನೆಯಲ್ಲಿ ತಮ್ಮ ಹೆಸರನ್ನೂ ಹೇಳಿಬಿಡುತ್ತಿದ್ದರು. ತಾಸುಗಟ್ಟಲೆ ಹಾಡಬಲ್ಲ ಅಬ್ದುಲ್ ಕರೀಂ ಖಾನರೂ ತಟ್ಟೆಗೆ ಅಷ್ಟರಲ್ಲೇ ಹಾಡಿದರು. ಅಂಥ ಅವರ ಒಂದು ಠುಮರಿ ಅಂಗಡಿಯಲ್ಲಿ ಮೊಳಗುತ್ತಿದ್ದದ್ದು ಗದಗಿನ ಹುಡುಗನೊಬ್ಬನ ಕಿವಿಗೆ ಬಿತ್ತು. 1933ರಲ್ಲಿ, ಹನ್ನೊಂದರ ವಯಸ್ಸಿಗೆ, ಅವನು ಗುರುವನ್ನು ಹುಡುಕಿ ಮನೆ ಬಿಟ್ಟು ಹೋದ. ಊರೂರು ಅಲೆದು ಕೊನೆಗೆ ಸೇರಿದ್ದು ನಮ್ಮ ಪಕ್ಕದ ಕುಂದಗೋಳದ ಸವಾಯಿ ಗಂಧರ್ವರ ಹತ್ತಿರ. ಆ ಹುಡುಗ ಭೀಮಸೇನ ಜೋಶಿ. ಅವತ್ತು ಅಂಗಡಿಯವ ಹೆಡ್‌ಫೋನ್ ಹಾಕಿಕೊಂಡು ಒಬ್ಬನೇ ಕೇಳಿದ್ದರೆ?

ತುಂಡು ಹಾಡು ಪೂರ್ತಿ ಹಾಡಿಗೆ ಶತ್ರು ಅಲ್ಲ, ಅದರ ಬಾಗಿಲು. ಜಗತ್ತಿಗೆಲ್ಲ ಗೊತ್ತಿರುವ ನೋಕಿಯಾ ಟ್ಯೂನ್ ಕೂಡ 1902ರಲ್ಲಿ ಸ್ಪೇನಿನ ಫ್ರಾನ್ಸಿಸ್ಕೊ ತಾರೆಗಾ ಗಿಟಾರಿಗೆ ಬರೆದ ಒಂದು ರಚನೆಯ ತುಂಡು.

ಎರಡನೆಯ ಆಕ್ಷೇಪ ಕಾನೂನಿನದು. ನೀವು ದುಡ್ಡು ಕೊಟ್ಟು ಕೊಂಡ ಸಿಡಿಯ ಹಾಡನ್ನು ನಿಮ್ಮ ಫೋನಿಗೇ ಕತ್ತರಿಸಿಕೊಳ್ಳೋದು ಬೇರೆ, ಅದನ್ನು ಹತ್ತು ಮಂದಿಗೆ ಮಾರೋದು ಬೇರೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಕಲಂ ಸ್ವಂತದ, ಖಾಸಗಿ ಬಳಕೆಗೆ ನ್ಯಾಯವಾದ ಜಾಗ ಬಿಟ್ಟಿದೆ. ಬಸ್ಸಿನಲ್ಲಿ ಫೋನು ರಿಂಗಾದರೆ ಅದು ಸಾರ್ವಜನಿಕ ಪ್ರದರ್ಶನ, ಅದಕ್ಕೂ ರಾಯಲ್ಟಿ ಕೊಡಿ ಅಂತ ಅಮೆರಿಕದಲ್ಲಿ ವಾದ ಹೂಡಿದವರೂ ಇದ್ದರು. 2009ರಲ್ಲಿ ನ್ಯೂಯಾರ್ಕಿನ ಫೆಡರಲ್ ಕೋರ್ಟು ಅದನ್ನು ತಳ್ಳಿಹಾಕಿತು. ಹಾಡಿದವರಿಗೆ ದುಡ್ಡು ಸೇರಬೇಕು, ಸಂಶಯ ಇಲ್ಲ. ಅದಕ್ಕೇ ಹೇಳೋದು, ಹಾಡು ಕೊಂಡುಕೊಳ್ಳಿ. ಊರಿನ ಕಲಾವಿದರು ಮಾರುವ ಸಿಡಿ, ಪೆನ್‌ಡ್ರೈವ್ ಕಂಡರೆ ಬಿಡಬೇಡಿ.

ಮೂರನೆಯದು ಕಿರಿಕಿರಿ. ಆಸ್ಪತ್ರೆ, ಸಾವಿನ ಮನೆ, ಮೀಟಿಂಗು, ನಾಟಕ, ಇಲ್ಲೆಲ್ಲ ಫೋನು ಬಾಯಿ ಮುಚ್ಚಿಕೊಂಡಿರಲಿ, ಇದಕ್ಕೆ ಚರ್ಚೆ ಬೇಡ. ಆದರೆ ಬಾಯಿ ಮುಚ್ಚೋದು ಬೇರೆ, ಬಾಯಿ ತೆರೆದಾಗಲೂ ಬೇರೆಯವರ ಮಾತೇ ಆಡೋದು ಬೇರೆ. ಇನ್ನು ದಿನಾ ಕೇಳಿ ಕೇಳಿ ಮೆಚ್ಚಿನ ಹಾಡೇ ಬೇಸರ ಬರುತ್ತೆ ಅನ್ನೋದು ಖರೇ ಐತಿ. ಅದಕ್ಕೇ ಎಲ್ಲ ಕರೆಗೂ ಒಂದೇ ಹಾಡು ಇಡಬೇಡಿ. ಬೇಕಾದ ನಾಲ್ಕು ಮಂದಿಯ ಹೆಸರಿಗೆ ನಾಲ್ಕು ತುಂಡು ಇಡಿ, ಉಳಿದವರಿಗೆ ಕಂಪನಿಯ ಟ್ಯೂನೇ ಇರಲಿ. ಕ್ರೆಡಿಟ್ ಕಾರ್ಡ್ ಮಾರೋರಿಗೆ ಅಜ್ಜಿಯ ಪದ ಯಾಕೆ? ಅಲಾರಾಮಿಗಂತೂ ಪ್ರೀತಿಯ ಹಾಡು ಯಾವತ್ತೂ ಇಡಬೇಡಿ.

ಮಾಡೋದು ಹೇಗೆ? ಒಂದು ಸಂಜೆಯ ಕೆಲಸ. ಕ್ಯಾಸೆಟ್ಟಾದರೆ ಟೇಪ್ ರೆಕಾರ್ಡರಿನ ಹೆಡ್ ಅನ್ನು ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸಿ. ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿನ ಆಡಿಯೋ ಇನ್‌ಪುಟ್ಟಿಗೆ ಒಂದು ಕೇಬಲ್ ಹಾಕಿ. ಆಡಾಸಿಟಿ ಅನ್ನೋ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ರೆಕಾರ್ಡ್ ಒತ್ತಿ ಕೂತು ಕೇಳಿ. 60 ನಿಮಿಷದ ಕ್ಯಾಸೆಟ್ಟಿಗೆ 60 ನಿಮಿಷ ಬೇಕು, ಇದರಲ್ಲಿ ಅಡ್ಡದಾರಿ ಇಲ್ಲ, ಇರಲೂಬಾರದು. ಆಮೇಲೆ ತುಂಡು ಆರಿಸಿ. ಫೋನಿನ ಪುಟ್ಟ ಸ್ಪೀಕರಿನಲ್ಲಿ ತಗ್ಗಿನ ಸ್ವರ ಕೇಳೋದಿಲ್ಲ. ತಂಬೂರಿ, ಡೊಳ್ಳಿನ ಗುಮ್ಮು ಸತ್ತುಹೋಗುತ್ತವೆ. ತಾಳ, ಹಾರ್ಮೋನಿಯಂ, ಹಲಗಿ, ಎತ್ತರದ ದನಿ ಚೆನ್ನಾಗಿ ಬರುತ್ತವೆ. ಪಲ್ಲವಿಯಿಂದಲೇ ಶುರುವಾಗಬೇಕು ಅಂತೇನಿಲ್ಲ, ಉಸಿರು ತೆಗೆದುಕೊಳ್ಳೋ ಜಾಗದಿಂದ ಶುರು ಮಾಡಿದರೆ ಸಹಜ ಅನಿಸುತ್ತೆ. ಮೊದಲ ಎರಡು ಸೆಕೆಂಡು ಮೆಲ್ಲಗೆ ಏರುವ ಹಾಗೆ ಫೇಡ್ ಇನ್ ಕೊಡಿ, ಇಲ್ಲದಿದ್ದರೆ ಪ್ರತೀ ಸಲ ಎದೆ ಧಸಕ್ ಅನ್ನುತ್ತೆ. ಎಂಪಿ3 ಮಾಡಿ ಆಂಡ್ರಾಯ್ಡ್ ಫೋನಿನ ರಿಂಗ್‌ಟೋನ್ಸ್ ಫೋಲ್ಡರಿಗೆ ಹಾಕಿ. ಐಫೋನ್ ಇದ್ದವರಿಗೆ ಗ್ಯಾರೇಜ್‌ಬ್ಯಾಂಡಿನ ದಾರಿ ಇದೆ, ಸ್ವಲ್ಪ ಸುತ್ತು, ಆದರೆ ತಲುಪುತ್ತೆ.

ಒಂದು ತುಂಡಿಗಾಗಿ ಪೂರಾ ಹಾಡನ್ನು ನಾಲ್ಕು ಸಲ ಗಮನ ಇಟ್ಟು ಕೇಳಿರುತ್ತೀರಿ. ಈ ವರ್ಷ ನೀವು ಯಾವ ಹಾಡನ್ನು ಹಾಗೆ ಕೇಳಿದ್ದೀರಿ ಹೇಳಿ ನೋಡೋಣ.

ಮುಂದಿನ ಸಲ ಊರಿಗೆ ಹೋದಾಗ ಅಟ್ಟ ಹತ್ತಿ. ಟ್ರಂಕ್ ತೆಗೀರಿ. ಕ್ಯಾಸೆಟ್ ಇಲ್ಲದಿದ್ದರೆ ಹಾಡೋ ಬಾಯಿ ಇನ್ನೂ ಇರಬಹುದು. ಅತ್ತೆ, ದೊಡ್ಡಮ್ಮ, ಓಣಿಯ ಭಜನೆಯ ಹಿರಿಯರು, ಯಾರನ್ನಾದರೂ ಕೂರಿಸಿ ಕೇಳಿ, ಫೋನಿನಲ್ಲೇ ತುಂಬಿಕೊಳ್ಳಿ. “ಈಗ ಬರಂಗಿಲ್ಲೋ ಯಪ್ಪಾ, ದನಿ ಹೋಗೇತಿ” ಅಂತಾರೆ. ಬಿಡಬೇಡಿ, ಒಂದು ನುಡಿ ಸಾಕು ಅನ್ನಿ. 30 ಸೆಕೆಂಡಿಗೆ ಒಂದು ನುಡಿಯೇ ಹಿಡಿಸೋದು.